ಬಲಚಕ್ರದ ಗರಗರ: ಏಳನೆಯ ಕಂತು

ಹತ್ತೊಂಬತ್ತನೇ ನಂಬರಿನ ಸ್ಪ್ಯಾನರ್ ಸಿಮೆಂಟು ನೆಲಕ್ಕೆ ಬಿದ್ದು ಠಣ್ಣೆಂದಿತು. ಶೆಡ್ಡಿನ ತಗಡಿನ ಮೇಲಿದ್ದ ಪಾರಿವಾಳಗಳು ಪಟಪಟನೆ ಎದ್ದುಹೋದವು. ಕಾರಿನ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದ ಮೇಸ್ತ್ರಿಯೂ ಬೆಚ್ಚಿ ತಿರುಗಿ ನೋಡಿದ.

ಆದರೆ ಎಡಕ್ಕೆ.

ಸ್ಪ್ಯಾನರ್ ಬಿದ್ದದ್ದು ಅವನ ಬಲಗಡೆ, ಎರಡೇ ಮೊಳ ದೂರದಲ್ಲಿ. ಅದು ಕೈಜಾರಿ ಬಿದ್ದದ್ದೂ ಅಲ್ಲ, ಪತ್ತೇದಾರ ಬೇಕೆಂದೇ ಬೀಳಿಸಿದ್ದ. ಮೇಸ್ತ್ರಿ ಎಡಗಡೆಯ ಬೆಂಚಿನ ಕೆಳಗೆ ಬಗ್ಗಿ ಹುಡುಕಿದ, ಹಳೇ ಟೈರುಗಳ ರಾಶಿಯ ಹಿಂದೆ ಇಣುಕಿದ, ಏನೂ ಸಿಗದೆ ಪೆಚ್ಚಾಗಿ ಎದ್ದು ನಿಂತ. ಆಮೇಲೆಯೇ ಪತ್ತೇದಾರನ ಬೂಟಿನ ಪಕ್ಕದಲ್ಲಿದ್ದ ಸ್ಪ್ಯಾನರ್ ಅವನ ಕಣ್ಣಿಗೆ ಬಿದ್ದದ್ದು. ಅವನ ಮುಖ ಇಳಿದುಹೋಯಿತು.

"ಎಷ್ಟು ವರ್ಷ ಆಯ್ತು ಮೇಸ್ತ್ರಿ, ಬಲಗಿವಿ ಹೋಗಿ?"

"ಹನ್ನೊಂದು." ಮೇಸ್ತ್ರಿ ಸುಳ್ಳು ಹೇಳುವ ಗೋಜಿಗೇ ಹೋಗಲಿಲ್ಲ. "ಲಾರಿ ಟೈರಿಗೆ ಗಾಳಿ ತುಂಬ್ತಿದ್ದೆ. ಮುಖದ ಪಕ್ಕದಲ್ಲೇ ಸಿಡೀತು."

"ಯಾರಿಗೂ ಹೇಳಿಲ್ಲ."

"ಕಿವಿ ಕೇಳಿಸದ ಮೇಸ್ತ್ರಿ ಹತ್ರ ಗಾಡಿ ಯಾರು ತರ್ತಾರೆ ಸಾರ್? ನಮ್ಮ ಕೆಲಸದಲ್ಲಿ ಅರ್ಧ ಕಾಯಿಲೆ ಕಿವಿಗೇ ಅಲ್ವಾ ಸಿಗೋದು."

ಒಂಬತ್ತು ದಿನದ ಹಿಂದೆ, ಇದೇ ಶೆಡ್ಡಿನಲ್ಲಿ ರಿಪೇರಿಯಾಗಿ ಹೋದ ಕಾರು ಇಳಿಜಾರಿನ ತಿರುವಿನಲ್ಲಿ ಗೋಡೆಗೆ ಬಡಿದು ಪತ್ತೇದಾರನ ಒಬ್ಬಳೇ ತಂಗಿ ತೀರಿಕೊಂಡಿದ್ದಳು.

ಪೊಲೀಸು ಇಲಾಖೆಯಲ್ಲಿದ್ದ ಇಪ್ಪತ್ತೆಂಟು ವರ್ಷವೂ ಅವನು ಯಾವುದಕ್ಕೂ 'ಇರಬಹುದು' ಅಂದವನಲ್ಲ. ಖಡಾಖಂಡಿತವಾಗಿ ಹೌದು, ಇಲ್ಲವಾದರೆ ಖಡಾಖಂಡಿತವಾಗಿ ಅಲ್ಲ. ಜೊತೆಯವರು ಅವನ ಹೆಸರನ್ನೇ ಮರೆತು 'ಖಡಾಖಂಡಿ' ಎಂದು ಕರೆಯತೊಡಗಿದರು. ತಂಗಿಯೂ ಕೀಟಲೆಗೆ ಅದನ್ನೇ ಎತ್ತಿಕೊಂಡಳು. ನಿವೃತ್ತನಾಗಿ ಖಾಸಗಿ ಪತ್ತೇದಾರಿಕೆಯ ಬೋರ್ಡು ತಗುಲಿಸಿದ ಮೇಲೂ ಆ ಹೆಸರು ಅವನ ಬೆನ್ನು ಬಿಡಲಿಲ್ಲ. ಅವನಿಗೂ ಒಳಗೊಳಗೇ ಅದರ ಬಗ್ಗೆ ಹೆಮ್ಮೆಯಿತ್ತು, ಸುಳ್ಳೇಕೆ ಹೇಳಬೇಕು.

ಇವತ್ತು ಬೆಳಗ್ಗೆಯಷ್ಟೇ ಗುಜರಿ ಅಂಗಳದಲ್ಲಿ ಅವನು ತಂಗಿಯ ಕಾರಿನ ಮುಂದೆ ಮಂಡಿಯೂರಿ ಎರಡು ಗಂಟೆ ಕಳೆದಿದ್ದ. ಮುಂದಿನ ಎರಡೂ ಚಕ್ರಗಳನ್ನು ಬಿಚ್ಚಿಸಿ ನೋಡಿದ್ದ. ಎಡಚಕ್ರದ ಬೇರಿಂಗ್ ಹೊಚ್ಚಹೊಸದು. ಗ್ರೀಸು ಇನ್ನೂ ಜೇನಿನ ಬಣ್ಣದಲ್ಲೇ ಇತ್ತು, ಬೆರಳಲ್ಲಿ ತಿರುಗಿಸಿದರೆ ಸದ್ದೇ ಇಲ್ಲ. ಬಲಚಕ್ರದ್ದು ನೋಡುವ ಹಾಗಿರಲಿಲ್ಲ. ಕಾದು ನೀಲಿಗಟ್ಟಿದ ಉಕ್ಕು, ಸುಟ್ಟು ಕರಕಾದ ಗ್ರೀಸು, ಒಡೆದು ಚೂರಾದ ಗುಂಡುಗಳು. ಇಳಿಜಾರಿನಲ್ಲಿ ಅದು ಪೂರ್ತಿ ಪುಡಿಯಾಗಿ ಚಕ್ರ ವಾಲಿ ಸಿಕ್ಕಿಕೊಂಡಿದೆ, ಸ್ಟಿಯರಿಂಗ್ ಅವಳ ಕೈಮಾತು ಕೇಳಿಲ್ಲ.

ಅಂದರೆ ಕೆಟ್ಟದ್ದು ಬಲಗಡೆಯದು, ಬದಲಿಸಿದ್ದು ಎಡಗಡೆಯದು.

ಅವನ ಅಂಗಿಯ ಜೇಬಿನಲ್ಲಿ ಮೇಸ್ತ್ರಿಯ ಮೇಲಿನ ದೂರು ಮಡಿಸಿಕೊಂಡು ಕೂತಿತ್ತು. ಬರೆದವನು ತಂಗಿಯ ಗಂಡ. ನಿರ್ಲಕ್ಷ್ಯದಿಂದ ಸಾವು, ಜಾಮೀನು ಸುಲಭಕ್ಕೆ ಸಿಗದ ಹಾಗೆ ಬಿಗಿಯಾಗಿ ಬರೆದಿದ್ದ. ಸಾಕ್ಷಿಯ ಜಾಗದಲ್ಲಿ ಅಣ್ಣನ ಸಹಿಯೊಂದು ಬೀಳಬೇಕಿತ್ತು. ಸಹಿ ಬಿದ್ದರೆ ಇವತ್ತು ಸಂಜೆಯೊಳಗೆ ಮೇಸ್ತ್ರಿಯ ಕೈಗೆ ಬೇಡಿ.

"ಒಂದೇ ಕಿವಿ ಇರೋನಿಗೆ ಎಲ್ಲಾ ಸದ್ದೂ ಆ ಕಿವಿ ಕಡೆಯಿಂದಲೇ ಬಂದ ಹಾಗಿರುತ್ತೆ," ಅಂದ ಖಡಾಖಂಡಿ. "ನಿನಗೆ ಎಡ. ಹಾಗಾಗಿ ಎಡಗಡೆ ಬೇರಿಂಗ್ ಬಿಚ್ಚಿದೆ. ಸರಿ ತಾನೇ?"

"ಸರಿ ಸಾರ್. ತಪ್ಪು ನಂದೇ. ಬರ್ಕೊಳ್ಳಿ, ಹೆಬ್ಬೆಟ್ಟು ಬೇಕಾದ್ರೂ ಒತ್ತಿಕೊಡ್ತೀನಿ."

ಖಡಾಖಂಡಿಯ ಕೈ ಜೇಬಿನತ್ತ ಹೋಗಿ ಅಲ್ಲೇ ನಿಂತಿತು.

ಇಷ್ಟು ಬೇಗ ಯಾರೂ ಒಪ್ಪಿಕೊಳ್ಳುವುದಿಲ್ಲ. ಪ್ರಶ್ನೆ ಮುಗಿಯುವ ಮೊದಲೇ ತಲೆಯೊಡ್ಡುವವರು ಒಂದೋ ಸಂತರು, ಇಲ್ಲವೇ ಬೇರೆ ಯಾರನ್ನೋ ಬೆನ್ನ ಹಿಂದೆ ಬಚ್ಚಿಟ್ಟುಕೊಂಡವರು. ಸಂತರನ್ನು ಅವನು ಠಾಣೆಯೊಳಗೆ ಒಂದು ದಿನವೂ ಕಂಡಿರಲಿಲ್ಲ.

ಒಳಕೋಣೆಯಲ್ಲಿ ಯಾರೋ ಹೊಲಿಗೆ ಯಂತ್ರ ತುಳಿಯುತ್ತಿದ್ದರು. ಹರಿದ ಸೀಟ್ ಕವರುಗಳನ್ನು ಹೊಲಿಯುವ ಯಂತ್ರ ಇರಬೇಕು. ಬಾಗಿಲ ಪಕ್ಕ ರೆಕ್ಸಿನ್ನಿನ ಸುರುಳಿಗಳನ್ನು ಒರಗಿಸಿಟ್ಟಿದ್ದರು. ಖಡಾಖಂಡಿ ಒಂದು ಖಾಲಿ ಡಬ್ಬಿ ಎಳೆದುಕೊಂಡು ಮೇಸ್ತ್ರಿಯ ಎಡಗಡೆ ಕೂತ.

"ಹೋಗ್ಲಿ ಬಿಡು. ಇದೊಂದು ಹೇಳು. ತಂಗಿ ಕಾರಿನ ಆ ಗರಗರ ಬೇರಿಂಗ್‌ದೇ ಅಂತ ಹೇಗೆ ಗೊತ್ತಾಯ್ತು? ಬ್ರೇಕ್ ಯಾಕಾಗಿರಬಾರದು?"

ಮೇಸ್ತ್ರಿಯ ಮುಖದಲ್ಲಿ ಅಷ್ಟು ಹೊತ್ತು ಇಲ್ಲದ ಕಳೆಯೊಂದು ಬಂತು. ಕೆಲಸದ ಮಾತೆತ್ತಿದರೆ ಸಾಕು, ಕೆಲವರು ಮನೆಗೆ ಬೆಂಕಿ ಬಿದ್ದದ್ದನ್ನೂ ಮರೆಯುತ್ತಾರೆ.

"ಬ್ರೇಕಿಂದಾದ್ರೆ ಪೆಡಲ್ ಒತ್ತಿದಾಗ ಸದ್ದು ಬದಲಾಗಬೇಕು. ಬದಲಾಗ್ಲಿಲ್ಲ. ಆಕ್ಸಲಿನ ಕೀಲು ಹೋಗಿದ್ರೆ ಸ್ಟಿಯರಿಂಗ್ ಪೂರ್ತಿ ತಿರುಗಿಸಿ ನಿಧಾನಕ್ಕೆ ಹೋದಾಗ ಕಟಕಟ ಅನ್ನುತ್ತೆ. ಅನ್ನಲಿಲ್ಲ. ಬ್ರೇಕ್ ಡಿಸ್ಕಿನ ಹಿಂದಿನ ತಗಡಿಗೆ ಕಲ್ಲು ಸಿಕ್ಕಿದ್ರೆ ಕೀರಲು ಸದ್ದು, ಹಲ್ಲು ಜುಮ್ಮೆನ್ನೋ ಥರದ್ದು. ಇದು ಹಾಗಲ್ಲ, ದಪ್ಪ ಗರಗರ. ಗಾಡಿ ವೇಗ ಏರಿದ ಹಾಗೆ ಏರುತ್ತೆ. ಗೇರ್ ತೆಗೆದು ಸುಮ್ನೆ ಉರುಳೋಕೆ ಬಿಟ್ರೂ ನಿಲ್ಲಲ್ಲ. ಅಂದ್ರೆ ಎಂಜಿನ್ ಅಲ್ಲ, ಚಕ್ರ."

"ಎಡವೋ ಬಲವೋ ಅಂತ?"

"ಖಾಲಿ ರಸ್ತೆ ನೋಡ್ಕೊಂಡು, ಓಡಿಸ್ತಾ ಓಡಿಸ್ತಾ ಸ್ಟಿಯರಿಂಗ್ ಎಡಕ್ಕೆ ವಾಲಿಸ್ಬೇಕು. ಆಗ ಗಾಡಿ ಭಾರ ಬಲಚಕ್ರದ ಮೇಲೆ ಬೀಳುತ್ತೆ. ಸದ್ದು ಜಾಸ್ತಿಯಾದ್ರೆ ಬಲಗಡೆದು. ಬಲಕ್ಕೆ ವಾಲಿಸಿದಾಗ ಜಾಸ್ತಿಯಾದ್ರೆ ಎಡಗಡೆದು. ಇದನ್ನ..."

ಮೇಸ್ತ್ರಿ ನಾಲಗೆ ಕಚ್ಚಿಕೊಂಡ. ತಡವಾಗಿತ್ತು.

"ಜಾಸ್ತಿಯೋ ಕಮ್ಮಿಯೋ ಗೊತ್ತಾದ್ರೆ ಸಾಕು," ಅಂದ ಖಡಾಖಂಡಿ ಮೆಲ್ಲಗೆ. "ಸದ್ದು ಯಾವ ಕಡೆಯಿಂದ ಬರ್ತಿದೆ ಅಂತ ಕೇಳಿಸಬೇಕಾಗೇ ಇಲ್ಲ. ಅದಕ್ಕೆ ಒಂದೇ ಕಿವಿ ಧಾರಾಳ. ಹಾಗಾದ್ರೆ ನೀನು ಕಿವುಡನಾಗಿ ತಪ್ಪು ಮಾಡಿದವನಲ್ಲ. ಬಲಗಡೆದೇ ಕೆಟ್ಟಿದೆ ಅಂತ ಗೊತ್ತಿದ್ದೂ ಎಡಗಡೆದು ಬಿಚ್ಚಿದೆ. ಯಾಕೆ?"

ಮೇಸ್ತ್ರಿ ತಲೆ ತಗ್ಗಿಸಿ ಕೈಯಲ್ಲಿದ್ದ ಬಟ್ಟೆಚೂರಿನಿಂದ ಉಗುರಿನ ಸಂದಿಯ ಗ್ರೀಸು ಒರೆಸತೊಡಗಿದ. ಒರೆಸಿದ ಉಗುರನ್ನೇ ಮತ್ತೆ ಮತ್ತೆ ಒರೆಸಿದ.

"ಯಾರ ಮಾತು ಕೇಳಿ ಮಾಡಿದೆ? ಯಾರು ಹೇಳಿಕೊಟ್ರು?"

"ಯಾರೂ ಇಲ್ಲ ಸಾರ್. ನಂದೇ ತಪ್ಪು ಅಂದೆನಲ್ಲ."

"ನನ್ನ ತಂಗಿ ಸತ್ತಿದ್ದಾಳೆ ಮೇಸ್ತ್ರಿ!"

ಆ ಕೂಗಿಗೆ ಒಳಗಿನ ಹೊಲಿಗೆ ಯಂತ್ರ ನಿಂತಿತು.

ಬಾಗಿಲಲ್ಲಿ ಮೇಸ್ತ್ರಿಯ ಹೆಂಡತಿ ಬಂದು ನಿಂತಳು. ಐವತ್ತರ ಆಸುಪಾಸಿನ ಸಣಕಲು ಹೆಂಗಸು. ಬೆರಳಿಗೆ ಹೊಲಿಗೆಯ ಟೋಪಿ, ಕೂದಲಲ್ಲಿ ನೂಲಿನ ಎಳೆ. ಖಡಾಖಂಡಿ ಆಕೆಯನ್ನು ಇದೇ ಮೊದಲು ನೋಡುತ್ತಿದ್ದದ್ದು.

"ಬಲಗಡೆದು ಅಂತ ಹೇಳಿದ್ದು ನಾನು," ಅಂದಳು.

"ನೀನು ಒಳಗೆ ಹೋಗು," ಅಂದ ಮೇಸ್ತ್ರಿ.

"ಹೋಗಲ್ಲ. ಒಂಬತ್ತು ದಿನದಿಂದ ನೀವು ತಟ್ಟೆ ಮುಂದೆ ಕೂತು ಎದ್ದು ಹೋಗ್ತಿದ್ದೀರಿ. ಇನ್ನು ನನ್ನ ಕೈಲಿ ನೋಡೋಕಾಗಲ್ಲ."

ಆಕೆ ಗಂಡನ ಪಕ್ಕ ಬಂದು ನೆಲದ ಮೇಲೆ ಕೂತಳು. ಹೇಳಿದ್ದೆಲ್ಲ ಒಂದೇ ಉಸಿರಿಗೆ ಹೇಳಿದಳು, ನಡುವೆ ಗಂಡ ಎರಡು ಸಲ ತಡೆಯಲು ನೋಡಿದರೂ ನಿಲ್ಲಿಸಲಿಲ್ಲ.

ಟೈರು ಸಿಡಿದ ಮೇಲೆ ಎಡಗಿವಿಯೂ ಮಂಕಾಗಿತ್ತು. ಎದುರು ಕೂತವರ ಮಾತು ಕೇಳಿಸುತ್ತಿತ್ತು, ಓಡುವ ಗಾಡಿಯೊಳಗಿನ ಸಣ್ಣಪುಟ್ಟ ಸದ್ದು ಕೇಳಿಸುತ್ತಿರಲಿಲ್ಲ. ಆವತ್ತಿನಿಂದ ಆಕೆಯೇ ಅವನ ಕಿವಿ. ಯಾವ ಗಾಡಿ ಪರೀಕ್ಷೆಗೆ ಹೊರಟರೂ ಆಕೆ ಕೈಚೀಲ ಹಿಡಿದು ಪಕ್ಕದ ಸೀಟಿನಲ್ಲಿ ಕೂರುತ್ತಿದ್ದಳು, ಸಾಮಾನು ತರಲು ಹೊರಟವಳ ಹಾಗೆ. ಮೇಸ್ತ್ರಿ ಗಾಡಿಯನ್ನು ಎಡಕ್ಕೆ ಬಲಕ್ಕೆ ವಾಲಿಸುವನು, ಆಕೆ ಕಣ್ಣು ಮುಚ್ಚಿ ಕೇಳುವಳು. ಎಡವಾದರೆ ಅವನ ಮೊಣಕಾಲಿಗೆ ಒಂದು ಸಲ ತಟ್ಟುವಳು, ಬಲವಾದರೆ ಎರಡು ಸಲ. ಬೀದಿಯ ಜನ ನಗುತ್ತಿದ್ದರು. ಗಿರಾಕಿಗಳ ಪೆಟ್ರೋಲಿನಲ್ಲಿ ಹೆಂಡತಿಯನ್ನು ಮೆರೆಸುತ್ತಾನೆ ಅಂತ ಅವನಿಗೆ 'ಅಮ್ಮಾವ್ರ ಗಂಡ' ಎಂದು ಹೆಸರಿಟ್ಟಿದ್ದರು. ಗುಟ್ಟು ಉಳಿದರೆ ಸಾಕೆಂದು ಇಬ್ಬರೂ ಆ ನಗೆಯನ್ನು ಹನ್ನೊಂದು ವರ್ಷ ನುಂಗಿಕೊಂಡಿದ್ದರು.

"ಆವತ್ತು ಸೋಮವಾರ ನಿಮ್ಮ ತಂಗಿ ಹಿಂದಿನ ಸೀಟಲ್ಲಿ ಕೂತಿದ್ರು. ಎಡಕ್ಕೆ ವಾಲಿಸಿದ ತಕ್ಷಣ ಆ ಗರಗರ ಹೇಗೆ ಎದ್ದು ಬಂತು ಅಂದ್ರೆ, ನನ್ನ ದವಡೆವರೆಗೂ ನಡುಗ್ತು. ನಾನು ಎರಡು ಸಲ ತಟ್ಟಿದೆ. ಅನುಮಾನವೇ ಇರ್ಲಿಲ್ಲ."

"ಮತ್ತೆ?"

ಆಕೆ ಗಂಡನ ಮುಖ ನೋಡಿದಳು. ಮೇಸ್ತ್ರಿ ಕಣ್ಣಲ್ಲೇ ಬೇಡವೆಂದ.

"ಹೇಳಮ್ಮ. ಯಾರು ಎಡ ಅಂದದ್ದು?"

"ಶೆಡ್ಡಿಗೆ ವಾಪಸ್ ಬಂದು ಇವರು ಬಲಗಡೆ ಜಾಕ್ ಕೊಡೋಕೆ ಹೋದ್ರು. ನಿಮ್ಮ ತಂಗಿ ತಡೆದ್ರು. 'ಆ ಕಡೆ ಅಲ್ಲ ಮೇಸ್ತ್ರಿ, ಎಡಗಡೆದು. ನಿನ್ನೆ ನಮ್ಮಣ್ಣ ಕೂತು ನೋಡಿದ್ದಾನೆ. ಅವನು ಒಂದು ಸಲ ಹೇಳಿದ್ರೆ ಮುಗೀತು, ಇಡೀ ಇಲಾಖೆಯೇ ಎದುರು ಮಾತಾಡಲ್ಲ' ಅಂತ ನಕ್ಕರು."

ಖಡಾಖಂಡಿ ಕೂತ ಡಬ್ಬಿಯನ್ನು ಅರ್ಧ ಅಡಿ ಹಿಂದಕ್ಕೆ ಸರಿಸಿಕೊಂಡ.

ಭಾನುವಾರ. ತಂಗಿ ಅವನನ್ನು ಬಸ್ ನಿಲ್ದಾಣಕ್ಕೆ ಬಿಡಲು ಬಂದಿದ್ದಳು. ಎರಡು ದಿನ ಪರಊರಿನ ಕೋರ್ಟಿನಲ್ಲಿ ಹಳೇ ಕೇಸೊಂದರ ಸಾಕ್ಷಿ ಹೇಳುವುದಿತ್ತು, ಅವನ ತಲೆಯಲ್ಲೆಲ್ಲ ಅದೇ. "ಅಣ್ಣ, ಏನೋ ಗರಗರ ಅನ್ನುತ್ತೆ ನೋಡೋ," ಎಂದು ಅವಳು ಎರಡು ಸಲ ಹೇಳಿದ ಮೇಲೆ ಅವನು ಫೈಲಿನಿಂದ ತಲೆಯೆತ್ತಿದ್ದ. ಅರ್ಧ ನಿಮಿಷ ಕೇಳಿಸಿಕೊಂಡಿದ್ದ. ಅವನು ಕೂತದ್ದು ಅವಳ ಎಡಗಡೆ. ಕಾರಿನ ತಳದ ತಗಡು ಎಲ್ಲಿಯ ಸದ್ದನ್ನೂ ಎಲ್ಲಿಗೋ ಒಯ್ಯುತ್ತದೆ ಎಂದು ಅವನಿಗೆ ಗೊತ್ತಿರಲಿಲ್ಲ, ಗೊತ್ತಿಲ್ಲವೆಂದು ಹೇಳುವ ಅಭ್ಯಾಸವೂ ಇರಲಿಲ್ಲ. "ನನ್ನ ಕಾಲ ಕೆಳಗೇ ಬರ್ತಿದೆ. ಎಡಗಡೆ ಬೇರಿಂಗ್. ಖಡಾಖಂಡಿತ. ಮೇಸ್ತ್ರಿ ಬೇರೆ ಏನಾದ್ರೂ ಅಂದ್ರೆ ನಂಬಬೇಡ, ನಿನಗೆ ಟೋಪಿ ಹಾಕ್ತಾನೆ."

ಇಷ್ಟು ಹೇಳಿ ಮತ್ತೆ ಫೈಲು ತೆರೆದಿದ್ದ. ಅದೇ ಅವಳೊಡನೆ ಆಡಿದ ಕೊನೆಯ ಮಾತು. ನಿಲ್ದಾಣದಲ್ಲಿ ಇಳಿಯುವಾಗ ಬರ್ತೀನಿ ಅಂದಿದ್ದನೋ ಇಲ್ಲವೋ, ಎಷ್ಟು ತಡಕಿದರೂ ನೆನಪಾಗಲಿಲ್ಲ.

"ನೀನು ಯಾಕೆ ವಾದ ಮಾಡಲಿಲ್ಲ?" ಅವನ ದನಿ ಅವನಿಗೇ ಬೇರೆಯವರದ್ದೆನಿಸಿತು. "ಬಲ ಅಂತ ಗೊತ್ತಿತ್ತಲ್ಲ ಮೇಸ್ತ್ರಿ."

"ಹೇಗೆ ಗೊತ್ತಾಯ್ತು ಅಂತ ಅವರು ಕೇಳಿದ್ರೆ? ಇವಳ ಕಿವಿ ಅಂತ ಹೇಳಬೇಕಾಗ್ತಿತ್ತು." ಮೇಸ್ತ್ರಿಯ ಕಣ್ಣು ತುಂಬಿಕೊಂಡಿತ್ತು. "ಎಡಗಡೆದನ್ನೂ ಬಿಚ್ಚಿ ನೋಡಿದೆ, ಅದೂ ಸ್ವಲ್ಪ ಸವೆದಿತ್ತು. ಇದನ್ನ ಹಾಕಿ ಕಳಿಸೋಣ, ಸದ್ದು ಹೋಗ್ಲಿಲ್ಲ ಅಂತ ಅವರೇ ಬರ್ತಾರೆ, ಆಗ ಬಲಗಡೆದು ಹಾಕಿದ್ರಾಯ್ತು ಅಂದ್ಕೊಂಡೆ. ಒಂದು ವಾರ ತಡೆಯುತ್ತೆ ಅಂತ ನನ್ನ ಲೆಕ್ಕ. ನನ್ನ ಮಾನ ಉಳಿಸ್ಕೊಳ್ಳೋಕೆ ಹೋಗಿ ಅವರ ಜೀವ ತೆಗೆದೆ."

"ನಾನು ಹೇಳಿದ್ದು ಅಂತ ನನಗೆ ಯಾಕೆ ಹೇಳಲಿಲ್ಲ?"

"ತಂಗೀನ ಕಳ್ಕೊಂಡು ಬಂದಿದ್ದೀರಿ. ಅದರ ಮೇಲೆ ಇದನ್ನೂ ಹೇರಬೇಕಾ ಸಾರ್?"

ಖಡಾಖಂಡಿ ಎದ್ದು ಹೋಗಿ ಶೆಡ್ಡಿನ ಮೂಲೆಯ ನಲ್ಲಿಯಲ್ಲಿ ಮುಖ ತೊಳೆದುಕೊಂಡ. ನೀರು ನಿಲ್ಲಿಸಿದ ಮೇಲೂ ಗೋಡೆಗೆ ಕೈಯೂರಿ ಅಲ್ಲೇ ನಿಂತ. ಯಾರ ಕೊರಳಿಗಾದರೂ ಈ ಸಾವನ್ನು ಕಟ್ಟಿ ಹಗುರಾಗಬೇಕೆಂದು ಅವನು ಬೆಳಗ್ಗೆ ಮನೆಯಿಂದ ಹೊರಟಿದ್ದ. ಆ ಕೊರಳು ತನ್ನದೇ ಆಗಿತ್ತು. ಕೈಗೆ ಮಸಿ ಹತ್ತಿದ ಈ ಬಡಪಾಯಿ ಅದನ್ನು ಒಂಬತ್ತು ದಿನ ತನ್ನ ಮೇಲೆ ಹೊತ್ತುಕೊಂಡಿದ್ದ.

"ಇನ್ನೊಂದಿದೆ," ಅಂದಳು ಮೇಸ್ತ್ರಿಯ ಹೆಂಡತಿ.

ಆಕೆಯೂ ಎದ್ದು ಬಂದಿದ್ದಳು. ಅವನ ಮುಖವನ್ನಲ್ಲ, ಅವನ ಬಾಯನ್ನು ನೋಡುತ್ತಿದ್ದಳು.

"ಸೋಮವಾರ ನಿಮ್ಮ ತಂಗಿ ಡ್ಯೂಟಿಗೆ ಹೊತ್ತಾಯ್ತು ಅಂತ ಓಡಿಸಿ ನೋಡದೇ ಹೊರಟುಬಿಟ್ರು. ಗೇಟ್ ದಾಟಿ ಎಡಕ್ಕೆ ತಿರುಗಿದಾಗ ನನಗೆ ಕೇಳಿಸ್ತು, ಸದ್ದು ಹಾಗೇ ಇದೆ. ಮೊದಲಿಗಿಂತ ಜಾಸ್ತೀನೇ ಇದೆ. ಮನಸ್ಸು ತಡೀಲಿಲ್ಲ. ಮಂಗಳವಾರ ಮಧ್ಯಾಹ್ನ, ಇವರಿಗೂ ಹೇಳದೆ, ಗಾಡಿ ಕಾರ್ಡಲ್ಲಿ ಬರ್ಕೊಂಡಿದ್ದ ಅವರ ನಂಬರಿಗೆ ಫೋನ್ ಮಾಡಿದೆ."

"ಅವಳು ಏನಂದಳು?"

"ಅವರು ಎತ್ತಲಿಲ್ಲ. ಗಂಡಸರೊಬ್ಬರು ಎತ್ತಿದ್ರು. ರಾತ್ರಿ ಡ್ಯೂಟಿ ಮುಗಿಸಿ ಬಂದು ಮಲಗಿದ್ದಾಳೆ ಅಂದ್ರು. ನಾನು ಎಲ್ಲಾ ಬಿಡಿಸಿ ಹೇಳಿದೆ. ಬಲಗಡೆ ಬೇರಿಂಗ್ ಯಾವ ಗಳಿಗೇಲಾದ್ರೂ ಒಡೆದುಹೋಗುತ್ತೆ, ಗಾಡಿ ತೆಗೀಲೇಬೇಡಿ, ನಾವೇ ಬಂದು ತಗೊಂಡು ಹೋಗ್ತೀವಿ ಅಂದೆ. 'ಆಯ್ತಮ್ಮ, ಎದ್ದ ಮೇಲೆ ಹೇಳ್ತೀನಿ' ಅಂದ್ರು. ನೀವು ಯಾರು ಅಂತ ಕೇಳಿದೆ."

"ಯಾರಂತೆ?"

"'ನಾನು ಅವಳ ಅಣ್ಣ' ಅಂದ್ರು."

ಮೇಸ್ತ್ರಿ ಹೆಂಡತಿಯ ತುಟಿಯನ್ನೇ ನೋಡುತ್ತ ನಿಂತುಬಿಟ್ಟಿದ್ದ. ಈ ಮಾತು ಅವನಿಗೂ ಹೊಸದು.

"ಬುಧವಾರ ಬೆಳಗ್ಗೆ ಫೋನ್ ಬರುತ್ತೆ ಅಂತ ಕಾದೆ. ಸುದ್ದಿ ಬಂತು." ಆಕೆ ಸೆರಗಿನಿಂದ ಮೂಗೊರೆಸಿಕೊಂಡಳು. "ಇನ್ನೊಂದು ಸಲ ಮಾಡಬೇಕಿತ್ತು. ಅವರ ಬಾಯಿಂದಲೇ ಆಯ್ತು ಅನ್ನಿಸ್ಕೊಳ್ಳಬೇಕಿತ್ತು. ಮಾಡಲಿಲ್ಲ. ಒಂಬತ್ತು ದಿನದಿಂದ ನಿಮ್ಮನ್ನ ಬೈಕೊಂಡೇ ಕೂತಿದ್ದೀನಿ. ನನ್ನ ಹತ್ರ ಹೇಳಿಸ್ಕೊಂಡು ತಂಗಿಗೆ ಹೇಳೋದು ಮರೆತ ಪಾಪಿ, ಈಗ ನನ್ನ ಗಂಡನ ಮೇಲೆ ಕೇಸ್ ಹಾಕೋಕೆ ಬರ್ತಾನೆ ಅಂತ. ಇವತ್ತು ಒಳಗೆ ಕೂತು ನಿಮ್ಮ ಮಾತು ಕೇಳಿದೆ. ಯಂತ್ರ ನಿಲ್ಲಿಸಿದ್ದು ನೀವು ಕೂಗಿದ್ರಿ ಅಂತಲ್ಲ. ಫೋನಲ್ಲಿ ಮಾತಾಡಿದವರು ನೀವಲ್ಲ, ಅದು ಗೊತ್ತಾಗಿ ನಿಲ್ಲಿಸಿದೆ."

ಮಂಗಳವಾರ ಮಧ್ಯಾಹ್ನ ಖಡಾಖಂಡಿ ಇನ್ನೂರು ಮೈಲಿ ದೂರದ ಕಟಕಟೆಯಲ್ಲಿ ನಿಂತಿದ್ದ. ಅವನ ತಂಗಿಗೆ ಬೇರೆ ಅಣ್ಣನಿರಲಿಲ್ಲ.

ಹೊರಗೆ ಕಾರೊಂದು ಬಂದು ನಿಂತ ಸದ್ದಾಯಿತು. ಬಾಗಿಲು ಬಡಿದು ಯಾರೋ ದಡದಡನೆ ನಡೆದು ಬಂದರು.

"ಏನಂತೆ? ಒಪ್ಕೊಂಡನಾ?" ಎನ್ನುತ್ತ ತಂಗಿಯ ಗಂಡ, ಅವನ ಭಾವಮೈದ, ಶೆಡ್ಡಿನೊಳಗೆ ಕಾಲಿಟ್ಟ.

ಅವನ ಕಣ್ಣು ಬಾತುಕೊಂಡಿತ್ತು, ಗಡ್ಡ ಬೆಳೆದಿತ್ತು. ಹೆಂಡತಿ ಸತ್ತ ಮನುಷ್ಯ ಹೇಗಿರಬೇಕೋ ಹಾಗೆಯೇ ಇದ್ದ. ಮೇಸ್ತ್ರಿಯನ್ನು ಕಂಡವನೇ ಹಲ್ಲು ಕಡಿದ.

ಮೇಸ್ತ್ರಿಯ ಹೆಂಡತಿ ಅವನಿಗೆ ಬೆನ್ನು ತಿರುಗಿಸಿ ನಲ್ಲಿಯ ಕಡೆ ಬಗ್ಗಿದಳು. ಬಿಂದಿಗೆ ಹಿಡಿದಳೇ ಹೊರತು ನೀರು ಬಿಡಲಿಲ್ಲ. "ಇನ್ನೂ ಸ್ವಲ್ಪ ಮಾತಾಡಿಸಿ," ಅಂದಳು ಪಕ್ಕದಲ್ಲಿದ್ದ ಖಡಾಖಂಡಿಗಷ್ಟೇ ಕೇಳುವಂತೆ.

ತಂಗಿಗೆ ಈ ಮದುವೆ ಮಾಡಿಸಿದ್ದೂ ಖಡಾಖಂಡಿಯೇ. ಹುಡುಗ ಒಳ್ಳೆಯವನು, ಖಡಾಖಂಡಿತ ಅಂದಿದ್ದ. ತಂಗಿ ಆವತ್ತೂ ಎದುರು ಮಾತಾಡಿರಲಿಲ್ಲ.

"ಸಹಿ ಹಾಕಿದ್ರಾ ಭಾವ? ಸ್ಟೇಷನ್ನಲ್ಲಿ ಕಾಯ್ತಿದ್ದಾರೆ."

"ಹಾಕ್ತೀನಿ. ಒಂದು ವಿಷಯ ಕೇಳಬೇಕಿತ್ತು. ಮಂಗಳವಾರ ಮಧ್ಯಾಹ್ನ ನೀನು ಮನೇಲಿದ್ದೆಯಾ?"

"ಮಂಗಳವಾರ? ಇಲ್ಲಪ್ಪ, ಆಫೀಸಲ್ಲಿದ್ದೆ. ಯಾಕೆ?"

"ಅವಳ ಫೋನಿಗೆ ಯಾರಾದ್ರೂ ಮಾಡಿದ್ರಾ ಅಂತ."

"ಅದೆಲ್ಲ ಈಗ್ಯಾಕೆ ಭಾವ? ಫೋನ್ ಅವಳ ಹತ್ರಾನೇ ಇರ್ತಿತ್ತು. ನಾನು ಮುಟ್ಟಿದ್ದೇ ಇಲ್ಲ. ಮನೇಲಿ ಬೇರೆ ಯಾರೂ ಇರ್ಲಿಲ್ಲ. ಏನು, ಇವನು ಹೊಸ ಕತೆ ಏನಾದ್ರೂ ಕಟ್ತಿದ್ದಾನಾ?"

ಮೊದಲ ಮಾತು ತಣ್ಣಗಿತ್ತು, ಕೊನೆಯದು ಬಿಗಿದಿತ್ತು. ಅದು ಕೇಳಿಸಲು ಮೇಸ್ತ್ರಿಯ ಹೆಂಡತಿಯ ಕಿವಿಯೇನೂ ಬೇಕಾಗಿರಲಿಲ್ಲ.

ಆಕೆ ನಲ್ಲಿ ತಿರುಗಿಸಿದಳು. ನೀರಿನ ಸದ್ದಿನ ಮರೆಯಲ್ಲಿ, ತಲೆಯೆತ್ತದೆ, ಪಿಸುಗುಟ್ಟಿದಳು.

"ಫೋನಲ್ಲಿ ಮಾತಾಡಿದವರು ಇವರಲ್ಲ."

ಖಡಾಖಂಡಿಯ ಎದೆ ಒಂದು ಕ್ಷಣ ಹಗುರಾಯಿತು. ಇವನಾದರೂ ಅಲ್ಲವಲ್ಲ.

"ಆದ್ರೆ ನಾನು ಹೇಳ್ತಿದ್ದಾಗ ಅದೇ ಕೋಣೇಲಿ ಇನ್ನೊಬ್ಬರಿದ್ರು. 'ಏನಂತೆ?' ಅಂತ ಕೇಳಿದ್ರು. ಒಂದೇ ಮಾತು. ಈಗ ಒಳಗೆ ಬರ್ತಾ ಇವರು ಕೇಳಿದ್ರಲ್ಲ, ಅದೇ ಮಾತು, ಅದೇ ದನಿ."

ಬಿಂದಿಗೆ ತುಂಬಿ ನೀರು ಆಕೆಯ ಕಾಲ ಮೇಲೆ ಹರಿಯಿತು. ಆಕೆ ನಲ್ಲಿ ನಿಲ್ಲಿಸಿ ಬಿಂದಿಗೆಯನ್ನು ಸೊಂಟಕ್ಕೇರಿಸಿ ಒಳಗೆ ಹೋದಳು.

"ಏನಂತೆ ಆಯಮ್ಮ?" ಅಂದ ಭಾವಮೈದ.

"ಏನಿಲ್ಲ."

ಖಡಾಖಂಡಿ ಜೇಬಿನಿಂದ ದೂರಿನ ಹಾಳೆ ತೆಗೆದ. ಕಾರಿನ ಬಾನೆಟ್ಟಿನ ಮೇಲೆ ಅದನ್ನು ಮಗುಚಿ ಹಾಕಿ, ಬರೆಯದೆ ಖಾಲಿ ಉಳಿದಿದ್ದ ಬೆನ್ನಿಗೆ ನಿಧಾನವಾಗಿ ಬರೆಯತೊಡಗಿದ. ಭಾನುವಾರ ತಾನು ಕಾರಿನಲ್ಲಿ ಕೂತದ್ದು, ಅರ್ಧ ನಿಮಿಷ ಕೇಳಿದ್ದು, ಎಡಗಡೆಯದೆಂದು ಹೇಳಿದ್ದು, ಮೇಸ್ತ್ರಿ ಬೇರೆ ಹೇಳಿದರೆ ನಂಬಬೇಡವೆಂದದ್ದು. 'ನನ್ನ ಮಾತಿನಿಂದಲೇ ಕೆಟ್ಟ ಬೇರಿಂಗ್ ಹಾಗೇ ಉಳಿಯಿತು, ಮೇಸ್ತ್ರಿಗೂ ಅದನ್ನು ಮೀರಲಾಗಲಿಲ್ಲ' ಎಂದೂ ಬರೆದ. ಕೆಳಗೆ ಸಹಿ, ತಾರೀಖು.

ಭಾವಮೈದನ ಮುಖ ಏನು ಹೇಳುತ್ತದೆಂದು ನೋಡುವುದಿತ್ತು, ನಿಜ. ಆದರೆ ಬರೆದದ್ದು ಅದೊಂದಕ್ಕೇ ಅಲ್ಲ. ಫೋನಿನಲ್ಲಿ ಯಾರೇ ಸುಳ್ಳು ಹೇಳಿರಲಿ, ಮೊದಲ ತಪ್ಪು ಮಾತು ಅವನ ಬಾಯಿಂದಲೇ ಬಂದಿತ್ತು. ಒಂದು ಕಡೆಯಾದರೂ ಅದು ಅವನ ಕೈಬರಹದಲ್ಲಿ ಇರಬೇಕಿತ್ತು. ಬರೆಯುವಾಗ ಅವನ ಕಣ್ಣೀರು ಅಕ್ಷರದ ಮೇಲೆ ಬಿದ್ದು ಶಾಯಿ ಕದಡಿತು, ಅವನು ಒರೆಸಲೂ ಹೋಗಲಿಲ್ಲ.

"ಓದು," ಎಂದು ಹಾಳೆ ಕೊಟ್ಟ.

ಭಾವಮೈದ ಓದಿದ. ನಿನ್ನ ಹೆಂಡತಿ ಸಾಯಲು ನಾನೇ ಕಾರಣ ಎಂದು ಒಬ್ಬ ಬರೆದುಕೊಟ್ಟರೆ ಯಾವ ಗಂಡನಾದರೂ ಎದೆಯ ಮೇಲಿನ ಅಂಗಿಯನ್ನಾದರೂ ಹಿಡಿದು ಜಗ್ಗುತ್ತಾನೆ. ಖಡಾಖಂಡಿ ಅದಕ್ಕೆ ತಯಾರಾಗಿಯೇ ನಿಂತಿದ್ದ. ನಿಜ ಹೇಳಬೇಕೆಂದರೆ ಅದು ಆಗಲೆಂದೇ ಹಂಬಲಿಸಿದ್ದ. ಎರಡು ಏಟು ಬಿದ್ದಿದ್ದರೆ ತುಸು ಸಮಾಧಾನವಾಗುತ್ತಿತ್ತು.

ಭಾವಮೈದ ಇನ್ನೊಂದು ಸಲ ಓದಿದ. ಅವನ ಭುಜಗಳು ಇಳಿದವು, ಒಂಬತ್ತು ದಿನದಿಂದ ಬಿಗಿಹಿಡಿದಿದ್ದ ಉಸಿರನ್ನು ಮೆಲ್ಲಗೆ ಹೊರಗೆ ಬಿಟ್ಟ. ಹಾಳೆಯನ್ನು ನಾಲ್ಕಾಗಿ ಮಡಿಸಿ ತನ್ನ ಒಳಜೇಬಿಗೆ ಸೇರಿಸಿ ಗುಂಡಿ ಹಾಕಿಕೊಂಡ. ಖಡಾಖಂಡಿ ಕೈ ಚಾಚುವಷ್ಟರಲ್ಲಿ ಅವನು ಬಾಗಿಲು ತಲುಪಿದ್ದ.

"ಇದೊಂದು ಸಾಕು ಭಾವ," ಅಂದ ತಿರುಗಿ ನಿಂತು. "ಇನ್ನು ಯಾರೂ ಏನೂ ಕೇಳಲ್ಲ."